ಟ್ರಾಯ್‌ಗೆ ಬರೆದರೆ ನಮ್ಮ ಕೇರಿಗೆ ಸಿಗ್ನಲ್ ಬರುತ್ತಾ?

ಹಿನ್ನೀರ_ಅಂಚು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇದನ್ನು ಮನೆಯ ಹಿಂದಿನ ಗುಡ್ಡ ಹತ್ತಿ, ನೇರಳೆ ಮರದ ಬುಡದಲ್ಲಿ ಕೂತು ಬರೆಯುತ್ತಿದ್ದೇನೆ. ಇಲ್ಲಿ ಎರಡು ಕಡ್ಡಿ ಸಿಗುತ್ತದೆ. ನಾಲ್ಕು ಹೆಜ್ಜೆ ಆಚೆ ಹೋದರೆ ಅದೂ ಇಲ್ಲ.

ನಮ್ಮದು ಹೊಸನಗರ ತಾಲ್ಲೂಕು, ಶರಾವತಿ ಹಿನ್ನೀರಿನ ಬದಿ. ಮೂವತ್ತೆಂಟು ಮನೆಗಳ ಕೇರಿ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಅಜ್ಜನ ಮನೆ, ಗದ್ದೆ ಎಲ್ಲ ಮುಳುಗಿತು. ಆಗ ಗಂಟುಮೂಟೆ ಹೊತ್ತು ಮೇಲೆ ಬಂದು ಕೂತವರು ನಾವು. ಮನೆಗೆ ಕರೆಂಟ್ ಬಂದಿದ್ದೇ ತಡವಾಗಿ. ಈಗ ಫೋನಿನ ಕಥೆ.

ಆರು ಕಿಲೋಮೀಟರ್ ಆಚೆ, ಪೇಟೆ ರಸ್ತೆಯಲ್ಲಿ ಒಂದು ಟವರ್ ಇದೆ. ನಮ್ಮ ಗುಡ್ಡದ ತುದಿಗೆ ಬರುವುದು ಅದರದ್ದೇ ಸಿಗ್ನಲ್. ಕೆಳಗೆ ಕೇರಿಗೆ ಇಳಿಯುವುದಿಲ್ಲ. ಕರೆಂಟ್ ಹೋದರೆ ಮೂರು ನಾಲ್ಕು ತಾಸಿಗೆ ಆ ಟವರೂ ಮಲಗುತ್ತದೆ. ಹೋದ ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗಿತ್ತು. ಒಂಬತ್ತು ದಿನ ಯಾರಿಗೂ ಯಾರದೂ ಸುದ್ದಿ ಇಲ್ಲ. ಆ ಒಂಬತ್ತು ದಿನದಲ್ಲೇ ನಮ್ಮ ದೊಡ್ಡಪ್ಪನಿಗೆ ರಾತ್ರಿ ಎದೆನೋವು ಬಂತು. ಅಣ್ಣ ಬೈಕಿನಲ್ಲಿ ಪೇಟೆಗೆ ಹೋಗಿ, ಅಲ್ಲಿಂದ ಜೀಪು ಕರೆದುಕೊಂಡು ಬರುವಷ್ಟರಲ್ಲಿ ಎರಡು ಗಂಟೆ ಆಗಿತ್ತು. ದೊಡ್ಡಪ್ಪ ಉಳಿದರು. ಆದರೆ ಆ ಎರಡು ಗಂಟೆಯನ್ನು ನಮ್ಮ ಮನೆಯಲ್ಲಿ ಯಾರೂ ಮರೆತಿಲ್ಲ.

ದಿನದ ಕಷ್ಟ ಬೇರೆ. ಅಕ್ಕ ಅಂಗನವಾಡಿ ಕಾರ್ಯಕರ್ತೆ. ಮಕ್ಕಳ ತೂಕ, ಎತ್ತರ, ಊಟದ ಲೆಕ್ಕ ಎಲ್ಲ ಪೋಷಣ್ ಟ್ರ್ಯಾಕರ್ ಅನ್ನುವ ಸರ್ಕಾರಿ ಆ್ಯಪ್‌ಗೆ ಹಾಕಬೇಕು. ಸಂಜೆ ಮಕ್ಕಳನ್ನು ಕಳಿಸಿ, ಬುಕ್ಕು ಹಿಡಿದುಕೊಂಡು ಇದೇ ಗುಡ್ಡ ಹತ್ತುತ್ತಾಳೆ. ಉದ್ಯೋಗ ಖಾತ್ರಿ ಕೆಲಸಕ್ಕೂ ಫೋನಿನಲ್ಲೇ ಹಾಜರಿ, ಫೋಟೋ ಸಮೇತ. ರೇಷನ್ ಕೊಡುವವರು ಹೆಬ್ಬೆಟ್ಟಿನ ಮೆಷಿನ್ ಹಿಡಿದು ಸಿಗ್ನಲ್ ಇರುವ ದರೆಯ ಮೇಲೆ ಕೂರುತ್ತಾರೆ. ವಯಸ್ಸಾದವರು ಅಲ್ಲಿಗೆ ಹತ್ತಿ ಹೋಗಿ ಬೆರಳು ಒತ್ತಿ, ಅಕ್ಕಿಗೆ ಮತ್ತೆ ಕೆಳಗೆ ಇಳಿಯಬೇಕು. ಅಮ್ಮನ ಹತ್ತಿರ ಕೀಪ್ಯಾಡ್ ಫೋನ್ ಇದೆ. ಅದಕ್ಕೂ ಇಂಟರ್ನೆಟ್ ಸೇರಿದ ಪ್ಯಾಕೇ ಹಾಕಿಸುತ್ತಿದ್ದೇವೆ. ಅಮ್ಮ ಇಂಟರ್ನೆಟ್ ನೋಡಿದ್ದೇ ಇಲ್ಲ.

ಕಂಪನಿಗೆ ಫೋನ್ ಮಾಡಿದರೆ ಪ್ರತಿ ಸಲ ಒಂದು ದೂರು ಸಂಖ್ಯೆ ಕೊಡುತ್ತಾರೆ. ಎರಡು ದಿನ ಬಿಟ್ಟು ‘ನಿಮ್ಮ ದೂರು ಬಗೆಹರಿದಿದೆ’ ಅಂತ ಮೆಸೇಜ್ ಬರುತ್ತದೆ. ಆ ಮೆಸೇಜ್ ಓದಬೇಕಾದರೂ ಗುಡ್ಡ ಹತ್ತಬೇಕು.

ಈಗ ಊರವರೆಲ್ಲ ಸೇರಿ ಟ್ರಾಯ್‌ಗೆ, ಅಂದರೆ ಫೋನ್ ಕಂಪನಿಗಳನ್ನು ನಿಯಂತ್ರಿಸುವ ಕೇಂದ್ರದ ಪ್ರಾಧಿಕಾರಕ್ಕೆ, ಒಂದು ಪತ್ರ ಬರೆಯೋಣ ಅಂತ ಮಾತಾಡಿದ್ದೇವೆ. ಮೂವತ್ತೆಂಟು ಮನೆಯವರ ಸಹಿ ಹಾಕಿಸುತ್ತೇನೆ. ಇದರಿಂದ ಏನಾದರೂ ಆಗುತ್ತಾ? ಯಾರಿಗೆ ಬರೆಯಬೇಕು, ಏನಂತ ಬರೆಯಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಮಳೆಹನಿ_ಸಾಗರ ಉತ್ತರ:

ನಮ್ಮ ಕಡೆಯೂ ಇದೇ ಗೋಳು. 2021ರಲ್ಲಿ ಆನ್‌ಲೈನ್ ಕ್ಲಾಸ್ ಇದ್ದಾಗ ನಮ್ಮ ಜಿಲ್ಲೆಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ ಅಂತ ಅಭಿಯಾನವೇ ನಡೆಯಿತು, ನೆನಪಿರಬಹುದು. ನಾನೂ ಆಗ ಛತ್ರಿ ಹಿಡಿದು ಗುಡ್ಡದಲ್ಲಿ ಪರೀಕ್ಷೆ ಬರೆದವಳು. ಟ್ರಾಯ್‌ಗೆ ಒಮ್ಮೆ ಮಿಂಚಂಚೆ ಕಳಿಸಿದ್ದೆ. ಒಬ್ಬೊಬ್ಬರ ದೂರನ್ನು ತಾವು ನೋಡುವುದಿಲ್ಲ, ಕಂಪನಿಗೆ ಕಳಿಸಿದ್ದೇವೆ ಅಂತ ಉತ್ತರ ಬಂತು. ಹಾಗಾಗಿ ಸುಮ್ನೆ ಅಲ್ಲಿಗೆ ಬರೆದು ಕಾಯುತ್ತ ಕೂರಬೇಡಿ. ಇಲ್ಲಿ ಕಿತ್ತೂರಿನ ಹಿರಿಯರೊಬ್ಬರಿದ್ದಾರೆ, ಟೆಲಿಫೋನ್ ಇಲಾಖೆಯವರು. ಅವರು ನೋಡಿದರೆ ಸರಿಯಾಗಿ ಹೇಳುತ್ತಾರೆ.

ಕಿತ್ತೂರ_ಲೈನ್‌ಮನ್ ಉತ್ತರ:

ತಮ್ಮಾ, ನಿನ್ನ ಪತ್ರ ಎರಡು ಸಲ ಓದಿದೆ. ದೊಡ್ಡಪ್ಪ ಈಗ ಆರಾಮ ಇದ್ದಾರೆ ಅಂದುಕೊಳ್ಳುತ್ತೇನೆ.

ನಾನು 1983ರಲ್ಲಿ ಲೈನ್‌ಮನ್ ಆಗಿ ಸೇರಿದವನು. 2020ರ ಜನವರಿ 31ರಂದು ಸ್ವಯಂ ನಿವೃತ್ತಿ ತಗೊಂಡು ಬಿಎಸ್ಎನ್ಎಲ್‌ನಿಂದ ಹೊರಬಂದೆ. ಅದೇ ಒಂದು ದಿನ ದೇಶದಲ್ಲಿ ಸುಮಾರು 78 ಸಾವಿರ ಜನ ಹೊರಬಂದೆವು. ಯಾವ ಕಂಬ ಯಾವ ಹೊಲದಲ್ಲಿದೆ, ಯಾವ ಜಾಯಿಂಟಿಗೆ ಮಳೆಗಾಲದಲ್ಲಿ ನೀರು ಇಳಿಯುತ್ತದೆ ಅಂತ ತಿಳಿದವರು ಅವರಲ್ಲಿ ಬಹಳ ಮಂದಿ ಇದ್ದರು. ಈ ಮಾತು ಇಲ್ಲಿಗೆ ಸಾಕು, ನಿನ್ನ ಪ್ರಶ್ನೆಗೆ ಬರುತ್ತೇನೆ.

ಟ್ರಾಯ್ ಟವರ್ ಹಾಕುವುದಿಲ್ಲ. ಹಾಕಿಸುವ ದುಡ್ಡೂ ಅದರ ಕೈಯಲ್ಲಿಲ್ಲ. 1997ರಲ್ಲಿ ಸಂಸತ್ತು ಕಾನೂನು ಮಾಡಿ ಅದನ್ನು ಹುಟ್ಟಿಸಿತು. ಅದಕ್ಕೂ ಮೊದಲು ಎಲ್ಲ ನಮ್ಮ ಇಲಾಖೆಯೇ. ಫೋನ್ ಕೊಡುವವರೂ ನಾವೇ, ದರ ಇಡುವವರೂ ನಾವೇ, ದೂರು ಕೇಳುವವರೂ ನಾವೇ. ಖಾಸಗಿ ಕಂಪನಿಗಳು ಬಂದ ಮೇಲೆ ಅದು ನಡೆಯುವಂತಿರಲಿಲ್ಲ. ಆಟ ಆಡುವವನೇ ಅಂಪೈರ್ ಆದರೆ ಹೇಗೆ, ಅಲ್ವಾ? ಹಾಗಾಗಿ ಟ್ರಾಯ್ ಬಂತು. 2000ದಲ್ಲಿ ಕಾನೂನು ತಿದ್ದಿ, ಜಗಳ ಬಗೆಹರಿಸುವ ಕೆಲಸವನ್ನು ಬೇರೆ ನ್ಯಾಯಮಂಡಳಿಗೆ ಕೊಟ್ಟರು. ಈಗ ಟ್ರಾಯ್‌ಗೆ ಉಳಿದಿರುವುದು ಮುಖ್ಯವಾಗಿ ಎರಡು ಥರದ ಕೆಲಸ. ದರ ಮತ್ತು ಸೇವೆಯ ಗುಣಮಟ್ಟದ ವಿಷಯದಲ್ಲಿ ನೇರವಾಗಿ ಆದೇಶ ಮಾಡಬಹುದು. ಲೈಸೆನ್ಸು, ತರಂಗಾಂತರ, ಹಳ್ಳಿಗೆ ಖರ್ಚು ಮಾಡುವ ನಿಧಿ ಇಂಥದ್ದರಲ್ಲಿ ಸರ್ಕಾರಕ್ಕೆ ಶಿಫಾರಸು ಮಾಡಬಹುದು. ಒಪ್ಪುವುದು ಬಿಡುವುದು ದೆಹಲಿಯ ದೂರಸಂಪರ್ಕ ಇಲಾಖೆಗೆ ಬಿಟ್ಟದ್ದು.

ಗುಣಮಟ್ಟದ ಆದೇಶ ಇದೆಯಲ್ಲ ಅನ್ನುತ್ತೀಯ. ಇದೆ. ಆದರೆ ಅದು ನಿಮ್ಮ ಕೇರಿಯನ್ನು ಹೇಗೆ ತಪ್ಪಿಸಿಕೊಳ್ಳುತ್ತದೆ ನೋಡು. ಮಾತಿನ ನಡುವೆ ಕಡಿದು ಹೋಗುವ ಕರೆ ನೂರಕ್ಕೆ ಎರಡು ದಾಟಬಾರದು ಅಂತ ನಿಯಮ. ಕರೆ ಹತ್ತಿದರೆ ತಾನೆ ಅದು ಕಡಿಯುವುದು? ಸಿಗ್ನಲ್ಲೇ ಇಲ್ಲದ ಕಡೆ ಕರೆ ಹತ್ತುವುದೇ ಇಲ್ಲ, ಲೆಕ್ಕಕ್ಕೂ ಬರುವುದಿಲ್ಲ. ಟವರ್ ಕೆಟ್ಟು ನಿಲ್ಲುವುದಕ್ಕೂ ನೂರಕ್ಕೆ ಎರಡು ಅನ್ನುವ ಮಿತಿ ಇದೆ. ಅದನ್ನು ಮೊದಲಿನಿಂದಲೂ ಇಡೀ ಕರ್ನಾಟಕದ ಸರಾಸರಿಯಲ್ಲಿ ನೋಡುತ್ತ ಬಂದಿದ್ದಾರೆ. ಬೆಂಗಳೂರಿನ ಸಾವಿರಾರು ಟವರ್ ಚೆನ್ನಾಗಿ ನಡೆದರೆ ಸರಾಸರಿ ಚೆನ್ನಾಗಿ ಬಂತು. ನಿಮ್ಮ ಪೇಟೆ ರಸ್ತೆಯ ಟವರ್ ಆ ಎರಡರಲ್ಲಿ ಹೋಯಿತು. 2024ರ ಅಕ್ಟೋಬರ್ 1ರಿಂದ ಹೊಸ ನಿಯಮ ಬಂದಿದೆ. ಒಂದು ಜಿಲ್ಲೆಯಲ್ಲಿ ಸೇವೆ 24 ಗಂಟೆಗಿಂತ ಜಾಸ್ತಿ ನಿಂತರೆ ಗ್ರಾಹಕರಿಗೆ ಬಾಡಿಗೆ ಕಡಿತ ಅಥವಾ ಪ್ಯಾಕ್ ದಿನ ಹೆಚ್ಚಿಸಿ ಕೊಡಬೇಕು. ಒಳ್ಳೆಯ ನಿಯಮ. ಆದರೆ ನಿಂತದ್ದು ಜಿಲ್ಲೆಯೇ ಆಗಿರಬೇಕು. ನಿಮ್ಮ ಒಂಬತ್ತು ದಿನ ಇದರೊಳಗೆ ಬರುವುದಿಲ್ಲ. ನನಗೆ ಇದು ಸರಿ ಕಾಣುವುದಿಲ್ಲ. ಟವರ್ ಲೆಕ್ಕದಲ್ಲಿ ಪರಿಹಾರ ಇರಬೇಕು. ಟ್ರಾಯ್ ಯಾವ ನಿಯಮ ಮಾಡುವಾಗಲೂ ಮೊದಲು ಕರಡು ಹಾಕಿ ಜನರ ಅಭಿಪ್ರಾಯ ಕೇಳುತ್ತದೆ. ನಿಮ್ಮ ಸಹಿಯ ಪತ್ರವನ್ನು ಅಲ್ಲಿಗೆ ಕಳಿಸಿ. ಒಂಬತ್ತು ದಿನದ ಕಥೆಯನ್ನು ತಾರೀಕು ಸಮೇತ ಬರೆದು ಕಳಿಸಿ. ಅಲ್ಲಿ ಕಂಪನಿಗಳ ಪತ್ರ ದಪ್ಪ ಇರುತ್ತದೆ, ಹಳ್ಳಿಯಿಂದ ಹೋಗುವುದು ಬಹಳ ಕಡಿಮೆ.

ಟವರ್ ಬೇಕು ಅಂದರೆ ಮಾತ್ರ ಬೇರೆ ಬಾಗಿಲು ತಟ್ಟಬೇಕು.

ಲೈಸೆನ್ಸ್ ಕೊಟ್ಟಾಗ ಕಂಪನಿಗಳಿಗೆ ಹಾಕಿದ ಷರತ್ತು ಜಿಲ್ಲಾ ಕೇಂದ್ರದ ಲೆಕ್ಕದ್ದು. ಮೊದಲ ವರ್ಷ ನೂರಕ್ಕೆ ಹತ್ತು, ಮೂರು ವರ್ಷದೊಳಗೆ ಅರ್ಧದಷ್ಟು ಜಿಲ್ಲಾ ಕೇಂದ್ರ. ಜಿಲ್ಲಾ ಕೇಂದ್ರದ ಬದಲು ಆ ಜಿಲ್ಲೆಯ ಬೇರೆ ಪಟ್ಟಣವೂ ನಡೆಯುತ್ತಿತ್ತು. ಕೇರಿ, ದೊಡ್ಡಿ, ತಾಂಡಾ ಅಂತ ಅದರಲ್ಲಿ ಇರಲಿಲ್ಲ. ಹಾಗಾಗಿ ಹಳ್ಳಿಗೆ ಅಂತಲೇ ಒಂದು ನಿಧಿ ಮಾಡಿದರು. 2002ರ ಏಪ್ರಿಲ್ 1ರಿಂದ ಅದು ಲೆಕ್ಕಕ್ಕೆ ಬಂತು, 2003ರಲ್ಲಿ ಕಾನೂನಿನ ಬಲ ಸಿಕ್ಕಿತು. ಕಂಪನಿಗಳು ತಮ್ಮ ಆದಾಯದಲ್ಲಿ ನೂರಕ್ಕೆ ಐದು ರೂಪಾಯಿ ಅದಕ್ಕೆ ಕಟ್ಟುತ್ತವೆ. ಅಂದರೆ ನಿಮ್ಮ ಅಮ್ಮ ಹಾಕಿಸುವ ರೀಚಾರ್ಜಿನಲ್ಲೂ ಅದರ ಪಾಲಿದೆ. 2023ರ ಹೊಸ ದೂರಸಂಪರ್ಕ ಕಾಯ್ದೆ ಬಂದ ಮೇಲೆ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ಆ ದುಡ್ಡಿನಿಂದಲೇ ಕಾಡಿನ ಊರುಗಳಿಗೆ 4ಜಿ ಕೊಡುವ ಯೋಜನೆಗೆ 2022ರ ಜುಲೈನಲ್ಲಿ ಒಪ್ಪಿಗೆ ಆಯಿತು. 26,316 ಕೋಟಿ ರೂಪಾಯಿ, 24,680 ಊರು. ಹಾಕುವುದು ಬಿಎಸ್ಎನ್ಎಲ್, ನಮ್ಮ ದೇಶದಲ್ಲೇ ಮಾಡಿದ ಉಪಕರಣದಿಂದ.

ನಾನು ಹೇಳಬೇಕೆಂದಿದ್ದ ಮಾತು ಈಗ ಬರುತ್ತದೆ. ಆ ಯೋಜನೆಯ ಪಟ್ಟಿ ಊರಿನ ಹೆಸರಿನ ಮೇಲೆ ನಡೆಯುತ್ತದೆ. ಊರು ಅಂದರೆ ಕಂದಾಯ ಗ್ರಾಮ. ಮಲೆನಾಡಿನಲ್ಲಿ ಒಂದು ಕಂದಾಯ ಗ್ರಾಮದೊಳಗೆ ಎಂಟು ಹತ್ತು ಮಜರೆ, ಒಂದೊಂದರ ನಡುವೆ ಒಂದು ಗುಡ್ಡ. ಗ್ರಾಮದ ಒಂದು ಮೂಲೆಯಲ್ಲಿ ಸಿಗ್ನಲ್ ಇದ್ದರೆ ಕಾಗದದಲ್ಲಿ ಇಡೀ ಗ್ರಾಮಕ್ಕೆ ಇದೆ ಅಂತ ಆಗಿಬಿಡುತ್ತದೆ. ನಿಮ್ಮ ಕೇರಿ ಯಾವ ಕಂದಾಯ ಗ್ರಾಮಕ್ಕೆ ಸೇರಿದೆ, ಆ ಗ್ರಾಮ ಪಟ್ಟಿಯಲ್ಲಿ ಹೇಗೆ ಬರೆದಿದೆ, ಮೊದಲು ಅದನ್ನು ನೋಡು. ಉಳಿದದ್ದು ಆಮೇಲೆ.

ಇನ್ನೊಂದು ನಂಬಿಕೆಯ ಮಾತು. ಆ ಯೋಜನೆಯಲ್ಲಿ ನೂರಕ್ಕೆ ಇಪ್ಪತ್ತರಷ್ಟು ಊರುಗಳನ್ನು ಆಮೇಲೆ ಸೇರಿಸಲು ಜಾಗ ಇಟ್ಟಿದ್ದಾರೆ. ಪುನರ್ವಸತಿ ಆದವರು, ಹೊಸದಾಗಿ ನೆಲೆ ನಿಂತವರು, ಮೊದಲಿದ್ದ ಕಂಪನಿ ಸೇವೆ ನಿಲ್ಲಿಸಿ ಹೋದ ಊರುಗಳು. ನೀವು ಮುಳುಗಡೆಯವರು ಅಂದೆಯಲ್ಲ. ಅದನ್ನು ಮುಂದಿಟ್ಟು ಕೇಳಿ. ಕೇಳಲು ನಿಮಗೆ ಆಧಾರ ಇದೆ.

ಇಷ್ಟು ಬರೆದಾಗ ನನ್ನ ಊರಿನದ್ದೊಂದು ಹೇಳದೆ ಇರಲಾಗುವುದಿಲ್ಲ. 1986ರ ಜುಲೈ ತಿಂಗಳು. ಸಿ-ಡಾಟ್ ಅನ್ನುವ ಸರ್ಕಾರದ ಟೆಲಿಫೋನ್ ಸಂಶೋಧನಾ ಸಂಸ್ಥೆ ಹುಟ್ಟಿ ಎರಡು ವರ್ಷ ಆಗಿತ್ತಷ್ಟೆ. ಅವರು ಹಳ್ಳಿಗೆಂದೇ ಮಾಡಿದ 128 ಲೈನಿನ ಎಕ್ಸ್‌ಚೇಂಜನ್ನು ಮೊದಲು ತಂದು ಇಟ್ಟದ್ದು ನಮ್ಮ ಚೆನ್ನಮ್ಮನ ಕಿತ್ತೂರಿನಲ್ಲಿ. ಅಲ್ಲಿಯವರೆಗೆ ಎಕ್ಸ್‌ಚೇಂಜ್ ಅಂದರೆ ಎಸಿ ರೂಮ್, ಧೂಳು ಬೀಳಬಾರದು, ಚಪ್ಪಲಿ ಹೊರಗೆ. ಇದಕ್ಕೆ ಎಸಿ ಬೇಡ. ನಮ್ಮ ಕಡೆಯ ಬಿಸಿಲು, ಧೂಳು, ಕರೆಂಟಿನ ಏರಿಳಿತ ಎಲ್ಲ ತಡೆಯುವ ಹಾಗೆ ಮಾಡಿದ್ದರು. ನಾನು ಚಿಕ್ಕ ಹುಡುಗ, ಕೇಬಲ್ ಎಳೆಯುವ ಕೆಲಸ. ಅದಕ್ಕೂ ಮೊದಲು ಒಂದು ಟ್ರಂಕ್ ಕಾಲ್ ಬುಕ್ ಮಾಡಿ ಅರ್ಧ ದಿನ ಕಾಯುತ್ತಿದ್ದ ಹತ್ತಿ ವ್ಯಾಪಾರಿಯೊಬ್ಬರು, ತಾವೇ ನಂಬರ್ ತಿರುಗಿಸಿ ಹುಬ್ಬಳ್ಳಿಗೆ ಮಾತಾಡಿ, ಫೋನ್ ಇಟ್ಟು, ಸುಮ್ಮನೆ ಅದನ್ನೇ ನೋಡುತ್ತ ಕೂತಿದ್ದರು. ಆಮೇಲೆ ನಮ್ಮೆಲ್ಲರಿಗೂ ಪೇಡೆ ತರಿಸಿದರು. ಅಂಥದ್ದೇ ಎಕ್ಸ್‌ಚೇಂಜ್ ದೇಶದ ಮೂಲೆಮೂಲೆಗೆ ಹೋಯಿತು. ಹಳ್ಳಿಗೆ ಏನು ಬೇಕು ಅಂತ ಹಳ್ಳಿಯನ್ನು ನೋಡಿ ಮಾಡಿದ ಯಂತ್ರ ಅದು. ಅದಕ್ಕೇ ನಡೆಯಿತು.

ಕೊನೆಗೆ ಅಮ್ಮನ ಫೋನ್ ವಿಷಯ. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಆದೇಶ ಮಾಡಿದೆ. ಬರೀ ಮಾತು ಮತ್ತು ಮೆಸೇಜಿನ ಪ್ಯಾಕನ್ನು ಪ್ರತಿ ಕಂಪನಿಯೂ ಇಡಲೇಬೇಕು, ಅವಧಿ 365 ದಿನದವರೆಗೂ ಇರಬಹುದು. ಅಂಗಡಿಯವರು ತಾವಾಗಿ ಹೇಳುವುದಿಲ್ಲ. ಬಾಯಿ ಬಿಟ್ಟು ಕೇಳಿ ಹಾಕಿಸು.

ಹಿನ್ನೀರ_ಅಂಚು ಉತ್ತರ:

ಸರ್, ತುಂಬಾ ಧನ್ಯವಾದ. ದೊಡ್ಡಪ್ಪ ಚೆನ್ನಾಗಿದ್ದಾರೆ, ತೋಟಕ್ಕೂ ಹೋಗುತ್ತಾರೆ.

ನೀವು ಹೇಳಿದ ಮೇಲೆ ನಿನ್ನೆ ಪೇಟೆಯಲ್ಲಿ ಕೂತು ನೋಡಿದೆ. ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ಸಿಗ್ನಲ್ ನಕ್ಷೆ ಹಾಕಿವೆ. 2025ರ ಏಪ್ರಿಲ್‌ನಿಂದ ಹಾಕಲೇಬೇಕು ಅಂತ ಟ್ರಾಯ್ ಹೇಳಿತ್ತಂತೆ. ಅದರಲ್ಲಿ ನಮ್ಮ ಕೇರಿಯನ್ನು ಹುಡುಕಿದೆ. ಒಂದು ಕಂಪನಿಯ ನಕ್ಷೆಯಲ್ಲಿ ಇಡೀ ಕೇರಿಗೆ ಬಣ್ಣ ಬಳಿದಿದೆ. ಅಂಗನವಾಡಿ, ನಮ್ಮ ಮನೆ, ದೊಡ್ಡಪ್ಪನ ಮನೆ, ಕೆಳಗಿನ ತೋಟ, ಎಲ್ಲ 4ಜಿ. ಅದನ್ನು ನೋಡಿ ಹೊಟ್ಟೆ ಉರಿಯಿತು. ಅಕ್ಕನಿಗೆ ತೋರಿಸಿದೆ. ಅವಳು ಏನೂ ಮಾತಾಡಲಿಲ್ಲ, ಕಣ್ಣಲ್ಲಿ ನೀರು ಬಂತು. ಎಂಟು ವರ್ಷದಿಂದ ಆ ಗುಡ್ಡ ಹತ್ತುತ್ತಿದ್ದಾಳೆ.

ಪಂಚಾಯಿತಿಯಲ್ಲೂ ವಿಚಾರಿಸಿದೆ. ನಮ್ಮದು ಬೇರೆ ಕಂದಾಯ ಗ್ರಾಮ ಅಲ್ಲವಂತೆ. ಪೇಟೆ ರಸ್ತೆಯ ಗ್ರಾಮದ ಮಜರೆ. ಆ ಗ್ರಾಮಕ್ಕೆ ಸಿಗ್ನಲ್ ಇದೆ ಅಂತ ಬರೆದಿದೆಯಂತೆ. ನೀವು ಹೇಳಿದ ಹಾಗೇ ಆಗಿದೆ. ಇದನ್ನು ಹೇಗೆ ಸುಳ್ಳು ಅಂತ ತೋರಿಸುವುದು?

ಕಿತ್ತೂರ_ಲೈನ್‌ಮನ್ ಉತ್ತರ:

ಅಕ್ಕನಿಗೆ ನನ್ನ ನಮಸ್ಕಾರ ಹೇಳು.

ಇಂಥ ನಕ್ಷೆಯನ್ನು ಹೆಚ್ಚಾಗಿ ಲೆಕ್ಕ ಹಾಕಿ ಮಾಡುತ್ತಾರೆ. ಟವರ್ ಎತ್ತರ, ಶಕ್ತಿ, ನೆಲದ ಏರು ತಗ್ಗು ಕಂಪ್ಯೂಟರಿಗೆ ಕೊಟ್ಟರೆ ಅದು ಬಣ್ಣ ಹಾಕುತ್ತದೆ. ಅಡಿಕೆ ತೋಟದ ದಟ್ಟ ಸೋಗೆ, ಮಳೆಗಾಲದ ಒದ್ದೆ ಎಲೆ, ಮಣ್ಣಿನ ದಪ್ಪ ಗೋಡೆ ಅದಕ್ಕೆ ಪೂರ್ತಿ ತಿಳಿಯುವುದಿಲ್ಲ.

ಆದರೆ ನಕ್ಷೆ ಹೊರಗೆ ಬಂದದ್ದು ಒಳ್ಳೆಯದಾಯಿತು. ಮೊದಲು ನೀನು ಇಲ್ಲ ಅಂತಿದ್ದೆ, ಅವರು ಇದೆ ಅಂತಿದ್ದರು. ಬಾಯಿ ಮಾತು. ಈಗ ಅವರು ಬರೆದು ಕೊಟ್ಟಿದ್ದಾರೆ. ನೀನು ಅಳೆದು ತೋರಿಸು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಥಿತಿ ಅಂತ ಇರುತ್ತದೆ. ಅಲ್ಲಿ ಸಿಗ್ನಲ್ ಬಲವನ್ನು ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತದೆ. ಮೈನಸ್ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಸಿಗ್ನಲ್ ಕಡಿಮೆ. ಮೈನಸ್ 85 ಅಂದರೆ ಚೆನ್ನಾಗಿದೆ. 4ಜಿಯಲ್ಲಿ ಮೈನಸ್ 115 ದಾಟಿದರೆ ಮಾತು ಆಗುವುದು ಕಷ್ಟ. ಮೂವತ್ತೆಂಟು ಮನೆಯ ಅಂಗಳದಲ್ಲೂ ನಿಂತು ಅಳೆ. ಮೂರೂ ಕಂಪನಿಯ ಸಿಮ್ಮಿನಲ್ಲಿ ಅಳೆ. ಮನೆ, ದಿನ, ಸಮಯ, ಸಂಖ್ಯೆ, ಫೋಟೋ. ಒಂದು ನೋಟ್‌ಬುಕ್ ಇಡು. ಅದರ ಜೊತೆ ಆ ಬಣ್ಣದ ನಕ್ಷೆಯನ್ನು ಮುದ್ರಿಸಿ ಲಗತ್ತಿಸು.

ದೂರು ಸಂಖ್ಯೆಗಳನ್ನೂ ಬಿಡಬೇಡ. ಟ್ರಾಯ್‌ನ 2012ರ ನಿಯಮದ ಪ್ರಕಾರ, ಮೊದಲ ದೂರಿಗೆ ಸರಿಯಾದ ಉತ್ತರ ಸಿಗದಿದ್ದರೆ ಕಂಪನಿಯೊಳಗೇ ಮೇಲ್ಮನವಿ ಪ್ರಾಧಿಕಾರ ಇರಬೇಕು. 30 ದಿನದೊಳಗೆ ಅಲ್ಲಿಗೆ ಹೋಗಬೇಕು. ಅವರು 39 ದಿನದೊಳಗೆ ತೀರ್ಮಾನ ಹೇಳಬೇಕು. ಅಲ್ಲೂ ಆಗದಿದ್ದರೆ ಗ್ರಾಹಕರ ಆಯೋಗ ಇದೆ. ಟೆಲಿಕಾಂ ದೂರು ಅಲ್ಲಿ ನಡೆಯುವುದಿಲ್ಲ ಅಂತ ಕೆಲವರು ಹೆದರಿಸುತ್ತಾರೆ. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನಡೆಯುತ್ತದೆ ಅಂತ ಸ್ಪಷ್ಟ ಹೇಳಿದೆ.

ಕುಮಾರಧಾರೆ_ಸುಳ್ಯ ಉತ್ತರ:

ನಾನು ಸುಳ್ಯ ತಾಲ್ಲೂಕಿನವಳು. ಹಿಂದಿನ ಅವಧಿಯಲ್ಲಿ ಪಂಚಾಯತ್ ಸದಸ್ಯೆ ಆಗಿದ್ದೆ. ನಮ್ಮ ವಾರ್ಡಿಗೆ ಹೋದ ವರ್ಷ ಟವರ್ ಆಯಿತು. ಹಾಗಾಗಿ ನಮ್ಮ ಅನುಭವ ಹೇಳುತ್ತೇನೆ, ನಿಮಗೆ ಉಪಕಾರ ಆದೀತು.

ಮೊದಲು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ. ಬರೀ ‘ಟವರ್ ಬೇಕು’ ಅಂತ ಬೇಡ. ಮಜರೆಯ ಹೆಸರು, ಮನೆ ಎಷ್ಟು, ಜನ ಎಷ್ಟು, ಶಾಲೆ, ಅಂಗನವಾಡಿ, ಅಕ್ಷಾಂಶ ರೇಖಾಂಶ ಎಲ್ಲ ನಿರ್ಣಯದ ಒಳಗೇ ಬರಬೇಕು. ಆ ಪ್ರತಿಯನ್ನು ನಾವು ಜಿಲ್ಲಾಧಿಕಾರಿಗೆ, ಸಂಸದರಿಗೆ, ದೂರಸಂಪರ್ಕ ಇಲಾಖೆಯ ಬೆಂಗಳೂರು ಕಚೇರಿಗೆ ಕೊಟ್ಟೆವು. ಕೇಂದ್ರದ ಯೋಜನೆಗಳ ಪ್ರಗತಿ ನೋಡಲಿಕ್ಕೆ ಸಂಸದರ ಅಧ್ಯಕ್ಷತೆಯಲ್ಲಿ ದಿಶಾ ಸಭೆ ನಡೆಯುತ್ತದಲ್ಲ, ಅಲ್ಲಿ ಪ್ರಶ್ನೆ ಏಳಬೇಕು. ಅಲ್ಲಿ ಎದ್ದರೆ ಅಧಿಕಾರಿಗಳು ಮುಂದಿನ ಸಭೆಗೆ ಉತ್ತರ ತರಬೇಕಾಗುತ್ತದೆ. ನಾವು ಎರಡು ಸಲ ಹೋಗಿ ಹೊರಗಿನ ಬೆಂಚಿನಲ್ಲಿ ಕೂತಿದ್ದೆವು. ಮೂರನೇ ಸಲ ಒಳಗೆ ಕರೆದರು.

ಜಾಗ ಮೊದಲೇ ನೋಡಿ ಇಡಿ. ನಮ್ಮಲ್ಲಿ ಜಾಸ್ತಿ ತಡ ಆದದ್ದು ಅಲ್ಲೇ. ಮೊದಲು ತೋರಿಸಿದ ಗುಡ್ಡ ಕಂದಾಯ ಭೂಮಿ ಅಂದುಕೊಂಡಿದ್ದೆವು, ಅರ್ಧ ಅರಣ್ಯ ಆಗಿತ್ತು. ಅರಣ್ಯದ ಅನುಮತಿ ಅಂದರೆ ಕಾಗದ ದೆಹಲಿ ದಾರಿ ಹಿಡಿದ ಹಾಗೆ. ಕೊನೆಗೆ ಶಾಲೆಯ ಹಿಂದಿನ ಸರ್ಕಾರಿ ಜಾಗ ಅಳೆಸಿ ಕೊಟ್ಟೆವು. ನಿಮ್ಮ ಕಡೆ ಮುಳುಗಡೆಯವರ ಜಾಗದ್ದೇ ದಾಖಲೆ ಗೋಜಲು ಇರುತ್ತದೆ, ನನಗೆ ಗೊತ್ತು. ಸರ್ವೆ ನಂಬರ್ ಸ್ವಚ್ಛ ಇರುವ ತುಂಡು ಭೂಮಿ ಈಗಲೇ ಹುಡುಕಿ.

ಟವರ್ ಎದ್ದು ನಿಂತ ಮೇಲೂ ಏಳು ತಿಂಗಳು ಅದು ಬರೀ ಕಬ್ಬಿಣ. ಕರೆಂಟ್ ಲೈನ್ ಇಲ್ಲ. ನಮ್ಮ ಊರಿನ ಮಕ್ಕಳು ಶಾಲೆಗೆ ಹೋಗುವಾಗ ದಿನಾ ಅದರ ಕೆಂಪು ದೀಪ ಹೊತ್ತಿತಾ ಅಂತ ನೋಡುತ್ತಿದ್ದರು. ಒಂದು ಸಂಜೆ ಹೊತ್ತಿತು. ನಾನು ಅಡುಗೆಮನೆಯಲ್ಲಿ ನಿಂತು ಮಂಗಳೂರಿನಲ್ಲಿರುವ ಮಗಳಿಗೆ ಫೋನ್ ಮಾಡಿದೆ. ‘ಅಮ್ಮ, ಎಲ್ಲಿ ಹತ್ತಿ ನಿಂತಿದ್ದೀರಿ, ಮಳೆ ಬರ್ತದೆ ಇಳೀರಿ’ ಅಂದಳು. ಒಲೆ ಮುಂದೆ ಇದ್ದೇನೆ ಮಗಾ ಅಂದೆ. ಅವಳಿಗೆ ನಂಬಲಿಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

ಇನ್ನೊಂದು ಮುಖ್ಯ ವಿಷಯ ಮಾರಾಯ್ರೆ, ಯಾರೂ ಹೇಳುವುದಿಲ್ಲ. ನಮ್ಮ ಟವರ್ ಬರೀ 4ಜಿಯದ್ದು. ಹಳೆಯ 2ಜಿ ಕೀಪ್ಯಾಡ್ ಫೋನ್ ಅದರಲ್ಲಿ ಏನೂ ಹಿಡಿಯುವುದಿಲ್ಲ. ಮೊದಲ ವಾರ ಅರ್ಧ ಊರು ‘ಟವರ್ ಹಾಳು’ ಅಂತ ಬೈಯುತ್ತಿತ್ತು. ಆಮೇಲೆ ತಿಳಿಯಿತು, ಮಾತಾಡಲಿಕ್ಕೂ ವೋಲ್ಟಿ, ಅಂದರೆ 4ಜಿಯಲ್ಲೇ ಕರೆ ಹೋಗುವ ವ್ಯವಸ್ಥೆ, ಬೇಕು. ಫೋನ್ 4ಜಿ ಇರಬೇಕು, ಸೆಟ್ಟಿಂಗ್ಸ್‌ನಲ್ಲಿ ವೋಲ್ಟಿ ಆನ್ ಮಾಡಬೇಕು. ಕೆಲವರ 4ಜಿ ಫೋನಿಗೂ ಸಿಗಲಿಲ್ಲ. ನಮ್ಮ ಟವರ್ 700 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತದೆ, ಅದಕ್ಕೆ ಫೋನಿನಲ್ಲಿ ಬ್ಯಾಂಡ್ 28 ಇರಬೇಕಂತೆ. ಅದು ಇದ್ದರೆ ದೂರದ ಮನೆಗೂ, ಗೋಡೆಯ ಒಳಗೂ ಚೆನ್ನಾಗಿ ಬರುತ್ತದೆ. ನಮ್ಮ ಶಾಲೆಯ ಟೀಚರ್ ಮತ್ತು ಇಬ್ಬರು ಪಿಯುಸಿ ಮಕ್ಕಳು ಭಾನುವಾರ ಮನೆ ಮನೆಗೆ ಹೋಗಿ ಎಲ್ಲರ ಫೋನ್ ಸರಿ ಮಾಡಿಕೊಟ್ಟರು. ನಿಮ್ಮ ಅಮ್ಮನಿಗೆ ಮುಂದೆ ಫೋನ್ ತರುವಾಗ 4ಜಿ ಕೀಪ್ಯಾಡ್ ನೋಡಿ ತನ್ನಿ.

ಕಿತ್ತೂರ_ಲೈನ್‌ಮನ್ ಉತ್ತರ:

ತಂಗಿ, ಬಹಳ ಉಪಯೋಗದ ಮಾತು ಬರೆದಿರಿ. ಅದಕ್ಕೆ ಒಂದೇ ಸೇರಿಸುತ್ತೇನೆ. ನಿಧಿಯ ದುಡ್ಡಿನಲ್ಲಿ ಎದ್ದ ಟವರಿನಲ್ಲಿ ಆ ಕಂಪನಿಯದ್ದೇ ಸಿಮ್ ಬೇಕು ಅಂತ ಈಗ ಇಲ್ಲ. 2025ರ ಜನವರಿ 17ರಂದು ಕೇಂದ್ರ ಸಚಿವ ಜ್ಯೋತಿರಾದಿತ್ಯ ಸಿಂಧಿಯಾ ಈ ವ್ಯವಸ್ಥೆ ಶುರು ಮಾಡಿದರು. ಬಿಎಸ್ಎನ್ಎಲ್, ಏರ್‌ಟೆಲ್, ಜಿಯೋ ಯಾರ ಸಿಮ್ ಇದ್ದರೂ ಅಂಥ ಟವರಿನಿಂದ 4ಜಿ ಸಿಗಬೇಕು. 27 ಸಾವಿರಕ್ಕೂ ಹೆಚ್ಚು ಟವರ್‌ಗಳಿಗೆ ಅದು ಅನ್ವಯ. ಫೋನಿನಲ್ಲಿ ರೋಮಿಂಗ್ ಆನ್ ಇದೆಯಾ ನೋಡಿಕೊಳ್ಳಬೇಕು. ಒಂದು ಕೇರಿಗೆ ಮೂರು ಟವರ್ ಯಾರೂ ಹಾಕುವುದಿಲ್ಲ, ಒಂದರಲ್ಲೇ ಎಲ್ಲರಿಗೂ ಸಿಗಲಿ ಅನ್ನುವುದು ಸರಿಯಾದ ಯೋಚನೆ.

ತಮ್ಮಾ, ಪತ್ರ ಬರೆದಾಗ ಬ್ಯಾಟರಿ ಮಾತು ಮರೆಯಬೇಡ. ಟವರ್ ಬಂದರೂ ಮೂರು ತಾಸಿಗೆ ಮಲಗಿದರೆ ನಿಮ್ಮ ದೊಡ್ಡಪ್ಪನ ರಾತ್ರಿಗೆ ಅದು ಇಲ್ಲದ ಹಾಗೇ. ಮಲೆನಾಡಿನ ಮಳೆಗೆ ಎಷ್ಟು ತಾಸು ಬ್ಯಾಟರಿ ಬೇಕು ಅಂತ ನೀವೇ ಬರೆಯಿರಿ, ಕರೆಂಟ್ ಹೋದ ದಿನಗಳ ಲೆಕ್ಕ ಹಾಕಿ.

ಹಿನ್ನೀರ_ಅಂಚು ಉತ್ತರ:

ಅಕ್ಕ, ಸರ್, ಇಬ್ಬರಿಗೂ ನಮಸ್ಕಾರ. ಮೂರು ವಾರ ಆಯಿತು ಇಲ್ಲಿಗೆ ಬಂದು. ಅಡಿಕೆ ಕೊನೆ ಕೊಯ್ಲಿನ ಕೆಲಸ ಇತ್ತು.

ಮೂವತ್ತೆಂಟು ಮನೆಯೂ ಅಳೆದೆವು. ನಾನು, ಅಕ್ಕ, ಪಕ್ಕದ ಮನೆಯ ಇಬ್ಬರು ಹುಡುಗರು. ಮೂವತ್ತೊಂದು ಮನೆಯ ಅಂಗಳದಲ್ಲಿ ಯಾವ ಸಿಮ್ಮಿಗೂ ಏನೂ ಇಲ್ಲ. ಐದು ಮನೆಯಲ್ಲಿ ಮೈನಸ್ 118ರಿಂದ 122, ಕರೆ ಹತ್ತುವುದಿಲ್ಲ. ಗುಡ್ಡದ ಬದಿಯ ಎರಡು ಮನೆಯಲ್ಲಿ ಮಾತ್ರ ಮಾತಾಡಬಹುದು. ಅಕ್ಕ ಅಂಗನವಾಡಿಯ ರಿಜಿಸ್ಟರ್ ಥರವೇ ಗೆರೆ ಎಳೆದು, ಚೆಂದದ ಅಕ್ಷರದಲ್ಲಿ ಎಲ್ಲ ಬರೆದಿದ್ದಾಳೆ.

ಜಾಗವೂ ಸಿಕ್ಕಿತು. ನೇರಳೆ ಮರದ ಗುಡ್ಡ ಅರಣ್ಯದ್ದು. ಆದರೆ ಅದರ ಕೆಳಗೆ, ಹಳೇ ಕಣದ ಪಕ್ಕ ದೊಡ್ಡಪ್ಪನ ಹೆಸರಿನಲ್ಲೇ ಎರಡು ಗುಂಟೆ ಇದೆ. ಪಹಣಿ ಸರಿಯಾಗಿದೆ. ಟವರಿಗೆ ಕೊಡುತ್ತೇನೆ ಅಂತ ಅವರೇ ಹೇಳಿದರು, ನಾವು ಕೇಳುವ ಮೊದಲೇ.

ಗ್ರಾಮಸಭೆ ಬರುವ ಗುರುವಾರ ಹತ್ತೂವರೆಗೆ. ನಿರ್ಣಯದ ಕರಡು ಬರೆದಿಟ್ಟಿದ್ದೇನೆ. ಸರ್, ನಾಳೆ ಇಲ್ಲಿ ಹಾಕುತ್ತೇನೆ, ಒಂದು ಸಲ ಓದಿ ತಿದ್ದಿ ಕೊಡುತ್ತೀರಾ? ಬ್ಯಾಟರಿಯ ಸಾಲು ಸರಿಯಾಗಿ ಬಂದಿದೆಯಾ ಅಂತ ನನಗೆ ಅನುಮಾನ.